ಮಾಡಿಫೈಡ್ ಜಿಪ್ಸಿ: ಲೀಟರಿಗೆ 6, ಪ್ಲಗ್ ತುಂಬಾ ಮಸಿ, ಮೂರು ಗ್ಯಾರೇಜ್ ಸುತ್ತಿ ಬಂದೆ

ಮಂಡಗದ್ದೆ_ಜಿಪ್ಸಿ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೈಬೇಡಿ.

ನಂದು 2007ರ ಜಿಪ್ಸಿ ಕಿಂಗ್, 1.3 ಎಂಪಿಎಫ್‌ಐ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಓನರ್‌ಗೆ ಮಣ್ಣಿನ ರೇಸ್ ಹುಚ್ಚು. ಬೇರೆ ಕ್ಯಾಮ್, ಹೆಡರ್ (ಇಂಜಿನ್‌ನಿಂದ ಹೊಗೆ ಹೊರತರೋ ಪೈಪ್‌ಗಳು), ಫ್ರೀ ಫ್ಲೋ ಸೈಲೆನ್ಸರ್, ಕೋನ್ ಫಿಲ್ಟರ್, 235/75 ಆರ್ 15 ಟಯರ್, ಎಲ್ಲಾ ಅವನೇ ಹಾಕ್ಸಿದ್ದು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಕೈಗೆ ಕೊಟ್ಟಿದಾನೆ, ಅದು ಅಟ್ಟದ ಮೇಲಿದೆ.

ಸಮಸ್ಯೆ ಇಷ್ಟೇ. ಟ್ಯಾಂಕ್ ಫುಲ್ ಮಾಡ್ಸಿ 198 ಕಿಲೋಮೀಟರ್ ಓಡ್ಸಿ ಮತ್ತೆ ಫುಲ್ ಮಾಡ್ಸಿದ್ರೆ 32 ಲೀಟರ್ ಹಿಡೀತು. ಅಂದ್ರೆ 6.2. ತೀರ್ಥಹಳ್ಳಿಗೆ ಹೋಗಿ ಬರೋದು, ಮಧ್ಯ ತೋಟದ ದಾರಿ, ಅಷ್ಟೇ ನನ್ನ ಓಡಾಟ. ಪ್ಲಗ್ ಬಿಚ್ಚಿದ್ರೆ ಒಲೆ ಮೇಲಿನ ಬಾಣಲೆ ತಳ ಇದ್ದಂಗಿದೆ. ಆಕ್ಸಿಲರೇಟರ್ ಒತ್ತಿದ್ರೆ ಹಿಂದೆ ಕಪ್ಪು ಹೊಗೆ. ಬಿಸಿ ಇದ್ದಾಗ ಸ್ಟಾರ್ಟ್ ಮಾಡೋಕೆ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು. ಮನೆಯವಳು "ನಿಮ್ಮ ಬಟ್ಟೆ ಒಗೆದ್ರೂ ಬಂಕ್ ವಾಸನೆ ಹೋಗಲ್ಲ" ಅಂತಾಳೆ.

ಮೊದಲ ಗ್ಯಾರೇಜಲ್ಲಿ ಪ್ಲಗ್ ಬದಲಾಯಿಸಿದ್ರು. ಎರಡನೆಯವರು ಇಂಜೆಕ್ಟರ್ ಕ್ಲೀನ್ ಮಾಡಿದ್ರು. ಮೂರನೆಯವರು ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಹೋಗಿದೆ ಅಂತಿದಾರೆ. ದುಡ್ಡು ಕೊಡೋ ಮುಂಚೆ ಇಲ್ಲಿ ಕೇಳೋಣ ಅಂತ ಬಂದೆ.

ಚೋಕ್_ಎಳೆದವ:
ಏರ್ ಸ್ಕ್ರೂ ಒಂದೂವರೆ ಸುತ್ತು ಬಿಚ್ಚಿ. ಸರಿ ಹೋಗುತ್ತೆ.

ಮಂಡಗದ್ದೆ_ಜಿಪ್ಸಿ:
ಸರ್, ಇದು ಇಂಜೆಕ್ಷನ್ ಗಾಡಿ. ಕಾರ್ಬ್ಯುರೇಟರ್ ಇಲ್ಲ.

ಚೋಕ್_ಎಳೆದವ:
ಅದೇ ಸಮಸ್ಯೆ ನೋಡಿ. ಕಾರ್ಬ್ಯುರೇಟರ್ ಆಗಿದ್ರೆ ಹತ್ತು ನಿಮಿಷದ ಕೆಲಸ.

ಉಂಬಳ_ಕಚ್ಚಿತು:
6 ಕೊಡ್ತಿದೆ ಅಂದ್ರೆ ನಮ್ಮೂರಿನ ಲಾರಿಗೆ ಕಾಂಪಿಟಿಷನ್ 😄

ತುಂಗಾ_ತೀರ:
ಎಥನಾಲ್ ಕಣ್ರೀ, ಎಥನಾಲ್. ಈಗಿನ ಇ20, ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ್ಮೇಲೆ ನಮ್ಮನೆ ಮೂರು ಗಾಡಿದೂ ಮೈಲೇಜ್ ಬಿದ್ದಿದೆ. ಇದಕ್ಕೆ ಮದ್ದಿಲ್ಲ.

ಮಲ್ಟಿಮೀಟರ್_ಮಾಣಿ:
ತುಂಗಾ ತೀರದವ್ರು ಹೇಳಿದ್ದು ಅರ್ಧ ಸರಿ. ಎಥನಾಲಲ್ಲಿ ಶಕ್ತಿ ಕಮ್ಮಿ, ಹಳೇ ಗಾಡಿಗೆ ಇ20 ಹಾಕಿದ್ರೆ ಮೈಲೇಜ್ ಶೇಕಡಾ 6ರಿಂದ 7 ಇಳೀಬಹುದು ಅಂತ ನೀತಿ ಆಯೋಗದ ವರದಿಯಲ್ಲೇ ಇದೆ. ಆದ್ರೆ ಅದ್ರಿಂದ ಪ್ಲಗ್ ಕಪ್ಪಾಗಲ್ಲ. ಬರೀ ಪೆಟ್ರೋಲಿಗೆ 1 ಕೆಜಿಗೆ 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದ್ರೆ ಹಳೇ ಲೆಕ್ಕದಲ್ಲೇ ಇಂಜೆಕ್ಟರ್ ತೆರೆದ್ರೆ ಮಿಶ್ರಣ ಲೀನ್ (ಪೆಟ್ರೋಲ್ ಕಮ್ಮಿ) ಕಡೆ ವಾಲ್ತದೆ, ರಿಚ್ (ಪೆಟ್ರೋಲ್ ಜಾಸ್ತಿ) ಕಡೆ ಅಲ್ಲ. ಮಸಿ ಬೇರೆ ಎಲ್ಲಿಂದಲೋ ಬರ್ತಾ ಇದೆ.

ಮಂಡಗದ್ದೆಯವ್ರೇ, ಯಾವ ಪಾರ್ಟೂ ತಗೋಬೇಡಿ ಈಗ. ಮೊದ್ಲು ಲೆಕ್ಕ ಸರಿ ಮಾಡ್ಕೊಳ್ಳಿ. ಕಂಪನಿ ಟಯರ್ 205/70 ಆರ್ 15, ವ್ಯಾಸ ಸುಮಾರು 668 ಮಿಲಿಮೀಟರ್. ನಿಮ್ಮದು 733. ಚಕ್ರ ದೊಡ್ಡದಾದಷ್ಟೂ ಮೀಟರ್ ಕಮ್ಮಿ ಎಣಿಸ್ತದೆ. 198 ಅಂತ ತೋರಿಸಿದಾಗ ನೀವು ನಿಜವಾಗಿ ಓಡಿದ್ದು 217. ಅಂದ್ರೆ 6.8. ಇದೂ ಕೆಟ್ಟದ್ದೇ, ಆದ್ರೆ ಅಷ್ಟು ಕೆಟ್ಟದ್ದಲ್ಲ.

ಉಂಬಳ_ಕಚ್ಚಿತು:
ಗಾಡಿ ಮುಟ್ಟದೇ 0.6 ಕೊಟ್ರಲ್ಲ ಮಾರಾಯ್ರೇ. ನನ್ನ ಗಾಡಿಗೂ ದೊಡ್ಡ ಟಯರ್ ಹಾಕ್ಸಿ ಲೆಕ್ಕ ಮಾಡ್ತೀನಿ.

ಭದ್ರಾವತಿ_ಉಕ್ಕು:
ಉಂಬಳ, ಹಾಗೇ ಸ್ಪೀಡೋಮೀಟರ್ 60 ತೋರಿಸುವಾಗ ನೀನು 66ರಲ್ಲಿರ್ತೀಯ. ಘಾಟಿ ತಿರುವಲ್ಲಿ ನೆನಪಿಟ್ಕೋ.

ಚೋಕ್_ಎಳೆದವ:
ಎತ್ತರದ ಪರಿಣಾಮ ಯಾಕೆ ಯಾರೂ ಹೇಳ್ತಿಲ್ಲ? ನನ್ನ ಹಳೇ 800 ಶಿವಮೊಗ್ಗದಲ್ಲಿ ಟ್ಯೂನ್ ಮಾಡ್ಸಿ ಮುಳ್ಳಯ್ಯನಗಿರಿ ಹತ್ತಿಸಿದ್ರೆ ಕಪ್ಪು ಹೊಗೆ ಕಕ್ಕೋದು. ಮೇಲೆ ಹೋದಷ್ಟೂ ಗಾಳಿ ತೆಳು, ಪೆಟ್ರೋಲ್ ಅಷ್ಟೇ. ಮಲೆನಾಡಲ್ಲಿ ಎಲ್ಲಾ ಗಾಡಿಯೂ ರಿಚ್ಚೇ.

ಮಲ್ಟಿಮೀಟರ್_ಮಾಣಿ:
ನಿಮ್ಮ 800ಗೆ ಅದು ಪೂರ್ತಿ ನಿಜ. ಮುಳ್ಳಯ್ಯನಗಿರಿ 1,900 ಮೀಟರ್ ದಾಟ್ತದೆ, ಕಾರ್ಬ್ಯುರೇಟರಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಜಿಪ್ಸಿಯಲ್ಲಿ ಇಂಜಿನ್‌ಗೆ ಗಾಳಿ ಹೋಗೋ ಮ್ಯಾನಿಫೋಲ್ಡ್ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇದೆ, ಎತ್ತರ ಹತ್ತಿದ್ರೆ ತಾನೇ ಪೆಟ್ರೋಲ್ ಇಳಿಸ್ತದೆ. ಅಲ್ದೇ ಅವ್ರು ಓಡಾಡೋದು ತೀರ್ಥಹಳ್ಳಿ ರಸ್ತೆಯಲ್ಲಿ, ಅದೇನು ಮಹಾ ಎತ್ತರ?

ಹೊಸನಗರ_ಹಾದಿ:
ಏರ್ ಫಿಲ್ಟರ್ ನೋಡಿದ್ರಾ? ನಮ್ಮ ಓಮ್ನಿ ಮಳೆಗಾಲದಲ್ಲಿ ಎರಡು ತಿಂಗಳು ಕೊಟ್ಟಿಗೆ ಪಕ್ಕ ನಿಂತಿತ್ತು. ಆಮೇಲೆ ಸ್ಟಾರ್ಟ್ ಮಾಡಿದ್ರೆ ಬುಸುಬುಸು ಹೊಗೆ. ಫಿಲ್ಟರ್ ಡಬ್ಬಿ ತೆಗೆದ್ರೆ ಒಳಗೆ ಇಲಿ ಸಂಸಾರ! ಭತ್ತದ ಹೊಟ್ಟು, ಹರಿದ ಗೋಣಿಚೀಲ, ಅರ್ಧ ತಿಂದ ಸೋಪು. ಆ ಸೋಪು ಅಲ್ಲಿಗೆ ಹೇಗೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ.

ಕುಂದಾದ್ರಿ_ಕೆಳಗೆ:
ಇಲಿ ಕಥೆ ಚೆನ್ನಾಗಿದೆ, ಆದ್ರೆ ಇವ್ರದ್ದು ಬಯಲಲ್ಲಿರೋ ಕೋನ್ ಫಿಲ್ಟರ್. ಇಂಜೆಕ್ಷನ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿದ್ರೆ ಎಳೆತ ಕಮ್ಮಿ ಆಗುತ್ತೆ, ಮೈಲೇಜ್ ಅಷ್ಟೇನೂ ಬೀಳಲ್ಲ. ಒಳಗೆ ಬಂದ ಗಾಳಿ ಎಷ್ಟೋ ಅಷ್ಟಕ್ಕೇ ಪೆಟ್ರೋಲ್.

ನನಗೆ ಒಂದು ಪ್ರಶ್ನೆ ಇದೆ. ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತೆ?

ಮಂಡಗದ್ದೆ_ಜಿಪ್ಸಿ:
ಕುಂದಾದ್ರಿ ಅಣ್ಣ, ಆ ವಿಷಯದಲ್ಲಿ ಗಾಡಿ ಬಂಗಾರ. ಮುಳ್ಳು 'ಸಿ' ಬಿಟ್ಟು ಒಂದು ಬೆರಳು ಮೇಲೆ ಬಂದ್ರೆ ಹೆಚ್ಚು. ಆಗುಂಬೆ ಘಾಟಿ ಹದಿನಾಲ್ಕೂ ತಿರುವು ಹತ್ತಿಸಿದಾಗ ಮಾತ್ರ ಅರ್ಧಕ್ಕೆ ಹೋಗಿತ್ತು. ಎಷ್ಟು ತಣ್ಣಗಿದೆ ಅಂತ ಖುಷಿಯಲ್ಲಿದ್ದೆ.

ಕುಂದಾದ್ರಿ_ಕೆಳಗೆ:
ಅಣ್ಣ ಅಲ್ಲ, ಅಕ್ಕ 🙂

ಖುಷಿ ಪಡೋ ವಿಷಯ ಅಲ್ಲ ಅದು. ಥರ್ಮೋಸ್ಟಾಟ್ ವಾಲ್ ಕಿತ್ತು ಹಾಕಿದಾರೆ ಅನ್ಸುತ್ತೆ. "ಗಾಡಿ ಬಿಸಿ ಆಗಲ್ಲ ಬಿಡಿ" ಅಂತ ನಮ್ಮ ಕಡೆ ಎಷ್ಟೋ ಗ್ಯಾರೇಜಲ್ಲಿ ಮಾಡೋ ಕೆಲಸ ಇದು. ರೇಸ್ ಓಡ್ಸೋರಂತೂ ಮೊದ್ಲು ಅದನ್ನೇ ತೆಗೀತಾರೆ. ಅದು ಇರೋದೇ ನೀರು 82 ಡಿಗ್ರಿ ಆಸುಪಾಸು ಬರೋವರೆಗೂ ರೇಡಿಯೇಟರ್‌ಗೆ ಹೋಗದಂಗೆ ತಡೆಯೋಕೆ. ಅದಿಲ್ದಿದ್ರೆ ಆಷಾಢದ ಮಳೆಯಲ್ಲಿ, ನೆಟ್ಟಗಿನ ರಸ್ತೆಯಲ್ಲಿ, ಇಂಜಿನ್ ಬಿಸಿ ಆಗೋದೇ ಇಲ್ಲ. ಇಸಿಯು ಏನಂದುಕೊಳ್ಳುತ್ತೆ? "ಇನ್ನೂ ಬೆಳಗಿನ ಜಾವ, ಇಂಜಿನ್ ತಣ್ಣಗಿದೆ, ಸ್ವಲ್ಪ ಜಾಸ್ತಿ ಕುಡಿಸೋಣ." ಹಳೇ ಗಾಡಿಯಲ್ಲಿ ಚೋಕ್ ಎಳೆದು ಒಳಗೆ ಹಾಕೋದು ಮರೆತು ಇಡೀ ದಿನ ಓಡ್ಸಿದ ಹಾಗೆ.

ಚೋಕ್_ಎಳೆದವ:
ಇದು ನನಗೆ ಅರ್ಥ ಆಗೋ ಭಾಷೆ. ಅಕ್ಕ ಹೇಳಿದ್ದು ಸರಿ.

ಎಲೆಚುಕ್ಕಿ_ಕಾಟ:
ಗಾಡಿ ವಿಷಯ ಬಿಡಿ, ಮಂಡಗದ್ದೆ ಕಡೆ ಅಡಿಕೆ ಕೊಳೆ ರೋಗ ಹೇಗಿದೆ? ನಾವು ಎರಡನೇ ಸಲ ಬೋರ್ಡೋ ಹೊಡೆಯೋಕೆ ಮಳೆ ಬಿಡ್ತಾ ಇಲ್ಲ.

ಮಂಡಗದ್ದೆ_ಜಿಪ್ಸಿ:
ನಮ್ಮಲ್ಲೂ ಅದೇ. ಮೊನ್ನೆ ಅರ್ಧ ದಿನ ಬಿಸಿಲು ಕಂಡಿದ್ದಕ್ಕೆ ಅರ್ಧ ತೋಟಕ್ಕೆ ಹೊಡೆಸಿದ್ವಿ. ಉಳಿದಿದ್ದು ದೇವರ ಮೇಲೆ.

ಮಲ್ಟಿಮೀಟರ್_ಮಾಣಿ:
ಅಡಿಕೆಗೆ ಬೇರೆ ಎಳೆ ತೆಗೀರಿ ಮಾರಾಯ್ರೇ.

ಕುಂದಾದ್ರಿಯವ್ರ ಅಂದಾಜು ನನಗೂ ಹಿಡಿಸ್ತು. ಆದ್ರೆ ಅಂದಾಜು ಬೇಡ, ಅಳೀರಿ. ಕೂಲೆಂಟ್ ಸೆನ್ಸರ್ ಕನೆಕ್ಟರ್ ಕಿತ್ತು ಮಲ್ಟಿಮೀಟರ್ ಓಂ ಗುಂಡಿಗೆ ಇಟ್ಟು ಅಳೆದ್ರೆ, ನೀರು 20 ಡಿಗ್ರಿ ಇದ್ರೆ ಎರಡೂಕಾಲು ಸಾವಿರ ಓಂ ಆಸುಪಾಸು, 80ಕ್ಕೆ 300 ಓಂ ಆಸುಪಾಸು ಬರ್ಬೇಕು. ಅರ್ಧ ಗಂಟೆ ಓಡ್ಸಿ ನಿಲ್ಲಿಸಿದ ತಕ್ಷಣ ನೋಡಿ. ಆಮೇಲೆ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡೋ ಆಕ್ಸಿಜನ್ ಸೆನ್ಸರ್ ವೈರಲ್ಲಿ ಎಷ್ಟು ವೋಲ್ಟ್ ಬರ್ತಿದೆ ನೋಡಿ. ಸೆನ್ಸರ್ ಬಿಸಿ ಇದ್ದು ಸರಿ ಇದ್ರೆ 0.1ರಿಂದ 0.9ರ ಮಧ್ಯ ಉಯ್ಯಾಲೆ ಆಡ್ತಿರ್ಬೇಕು.

ಇನ್ನೊಂದು. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದ್ರೆ ಇಂಜಿನ್ ಆಯಿಲ್ ತೆಳುವಾಗಿದೆ, ರಿಪೇರಿ ಆದ ಕೂಡ್ಲೇ ಬದಲಾಯಿಸಿ. ಇದನ್ನ ಮರೀಬೇಡಿ, ಬೋರ್ ತಿಂದು ಹಾಕ್ತದೆ.

ಎಸ್ಟೀಮ್_ಪ್ರೇಮಿ:
ನಾನೊಂದು ಸೇರಿಸ್ತೀನಿ. ನನ್ನ ಎಸ್ಟೀಮ್‌ಗೂ ಇದೇ ಕಾಯಿಲೆ ಬಂದಿತ್ತು. ಯಾವನೋ "ಪರ್ಫಾರ್ಮೆನ್ಸ್ ಚಿಪ್" ಅಂತ 3,000 ರೂಪಾಯಿಗೆ ಹಾಕಿದ್ದ. ನಾನೂ ಎಳೆತ ಜಾಸ್ತಿ ಆಯ್ತು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೇ ತಿರುಗಿದ್ದು. ಆಮೇಲೆ ಒಂದು ದಿನ ಆ ಡಬ್ಬಿ ಒಡೆದು ನೋಡಿದ್ರೆ ಒಳಗೆ ಒಂದೇ ಒಂದು ರೆಸಿಸ್ಟರ್. ಎರಡು ರೂಪಾಯಿದು! ಒಳಬರೋ ಗಾಳಿಯ ಉಷ್ಣತೆ ಹೇಳೋ ಸೆನ್ಸರ್ ವೈರಿಗೆ ಜೋಡಿಸಿದ್ದ. ಇಸಿಯುಗೆ ಗಾಳಿ ಐಸ್ ಥರ ತಣ್ಣಗಿದೆ ಅನ್ನೋ ಭ್ರಮೆ, ತಣ್ಣನೆ ಗಾಳಿ ಅಂದ್ರೆ ದಟ್ಟ ಗಾಳಿ, ಹಾಗಾಗಿ ಪೆಟ್ರೋಲ್ ಸುರೀತಿತ್ತು. ನಿಮ್ಮ ಹಿಂದಿನ ಓನರ್ ಅಂಥದ್ದೇನಾದ್ರೂ ಕರಿ ಟೇಪ್ ಸುತ್ತಿ ಬಚ್ಚಿಟ್ಟಿದಾನಾ ನೋಡಿ.

ಕಾಯ್ದೆ_ಕಾನೂನು:
ಎಲ್ರೂ ಓಂ, ವೋಲ್ಟ್ ಅಂತಿದೀರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಕನ್ವರ್ಟರ್ ಅಟ್ಟದ ಮೇಲಿಟ್ಟು ರಸ್ತೆಗಿಳಿದ್ರೆ ಎಮಿಷನ್ ಟೆಸ್ಟ್ ಪಾಸಾಗೋದು ಹೇಗೆ?

ಉಂಬಳ_ಕಚ್ಚಿತು:
ಲಾಯರ್ ಸಾಹೇಬ್ರು ಬಂದ್ರು, ಎಲ್ರೂ ಹೆಲ್ಮೆಟ್ ಹಾಕ್ಕೊಳ್ಳಿ.

ಭದ್ರಾವತಿ_ಉಕ್ಕು:
ನಗಬೇಡ, ಅವರು ಕೆಲಸಕ್ಕೆ ಬರೋ ಮಾತು ಆಡಿದಾರೆ, ಅವರಿಗೇ ಗೊತ್ತಿಲ್ಲ ಅಷ್ಟೇ. ಎಮಿಷನ್ ಟೆಸ್ಟ್ ಅಂಗಡಿಗಿಂತ ಅಗ್ಗದ ಡಯಾಗ್ನೋಸಿಸ್ ಇನ್ಯಾವುದಿದೆ? ಸರ್ಟಿಫಿಕೇಟ್ ಬೇಡ, ರೀಡಿಂಗ್ ತೋರಿಸಿ ಅಂತ ಕೇಳಿ. 2007ರ ಗಾಡಿ ಬಿಎಸ್-2 (ಹೊಗೆ ನಿಯಮದ ಹಂತ) ಆಗಿದ್ರೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.5 ಒಳಗೆ, ಹೈಡ್ರೋಕಾರ್ಬನ್ 750 ಒಳಗೆ ಇರ್ಬೇಕು. ಮೊದಲನೆಯದು 3, 4 ಅಂತ ಬಂದ್ರೆ ರಿಚ್ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಅದು ಸರಿ ಇದ್ದು ಎರಡನೆಯದು ಮಾತ್ರ ಏರಿದ್ರೆ ಮಿಸ್‌ಫೈರ್ (ಪೆಟ್ರೋಲ್ ಉರಿಯದೇ ಹೋಗೋದು), ದಾರಿಯೇ ಬೇರೆ.

ಮಂಡಗದ್ದೆ_ಜಿಪ್ಸಿ:
ಭಾನುವಾರ ಪೂರ್ತಿ ಇದರಲ್ಲೇ ಕಳೀತು. ವರದಿ ಒಪ್ಪಿಸ್ತೀನಿ.

ಎಮಿಷನ್ ಅಂಗಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ 4.1 ಬಂತು. ಆ ಹುಡುಗ ನನ್ನ ಮುಖ ನೋಡಿ "ಅಣ್ಣ, ಸ್ಟೌವಾ ಇದು?" ಅಂದ.

ಕೂಲೆಂಟ್ ಸೆನ್ಸರ್: ಸಣ್ಣ ಮಳೆಯಲ್ಲಿ ಗಾಜನೂರಿನಿಂದ ಮನೆಗೆ ಬಂದು ತಕ್ಷಣ ಅಳೆದೆ, 700 ಓಂ. ಬೆಳಿಗ್ಗೆ ತಣ್ಣಗಿದ್ದಾಗ 2,100 ಇತ್ತು.

ಆಕ್ಸಿಜನ್ ಸೆನ್ಸರ್: 0.1, 0.15, ಅಲ್ಲೇ ನಿಂತಿದೆ. ಮೇಲೇಳೋದೇ ಇಲ್ಲ.

ಡಿಪ್‌ಸ್ಟಿಕ್ ವಾಸನೆ: ಬಂಕ್. ಬಚ್ಚಿಟ್ಟ ರೆಸಿಸ್ಟರ್ ಸಿಗಲಿಲ್ಲ, ಗ್ಲೋವ್ ಬಾಕ್ಸ್ ಹಿಂದೆ ಒಂದು ಸತ್ತ ಹಲ್ಲಿ ಸಿಕ್ತು.

ತುಂಗಾ_ತೀರ:
ಸೆನ್ಸರ್ 0.1 ಅಂದ್ರೆ ಲೀನ್ ಅಲ್ವಾ? ಹಾಗಾದ್ರೆ ಗಾಡಿ ರಿಚ್ ಇಲ್ಲ, ಲೀನ್ ಇದೆ. ಮಸಿ ಆಯಿಲ್‌ದು ಇರ್ಬೇಕು. ಪಿಸ್ಟನ್ ರಿಂಗ್ ಹೋಗಿದೆ.

ಮಲ್ಟಿಮೀಟರ್_ಮಾಣಿ:
ಇಲ್ಲೇ ಎಲ್ರೂ ಎಡವೋದು, ಸ್ವಲ್ಪ ನಿಧಾನಕ್ಕೆ ನೋಡಿ.

ಆಯಿಲ್ ಸುಟ್ರೆ ಹೊಗೆ ನೀಲಿ, ಪ್ಲಗ್ ಜಿಡ್ಡು. ಇವ್ರದ್ದು ಕಪ್ಪು ಹೊಗೆ, ಒಣ ಮಸಿ. ಎಮಿಷನ್ ಮಷಿನ್ 4.1 ಹೇಳಿದೆ. ಪ್ಲಗ್, ಹೊಗೆ, ಮಷಿನ್, ಮೂರು ಸಾಕ್ಷಿ ರಿಚ್ ಅಂತಿವೆ. ಆಕ್ಸಿಜನ್ ಸೆನ್ಸರ್ ಒಂದೇ ಲೀನ್ ಅಂತಿದೆ. ಅಂದ್ರೆ ಸುಳ್ಳು ಹೇಳ್ತಿರೋದು ಅದೇ. ಇಸಿಯು ಪಾಪ ಅದ್ರ ಮಾತು ನಂಬಿ ಇನ್ನೂ ಪೆಟ್ರೋಲ್ ಸುರೀತಿದೆ. ಸೆನ್ಸರ್ 0.85ಕ್ಕೆ ಅಂಟ್ಕೊಂಡಿದ್ರೆ ಕಥೆ ಬೇರೆ ಇತ್ತು. ಆಗ ಇಂಜೆಕ್ಟರ್ ಸೋರ್ತಿದೆಯಾ, ಪ್ರೆಷರ್ ರೆಗ್ಯುಲೇಟರ್ ಡಯಾಫ್ರಾಮ್ ಹರಿದು ವ್ಯಾಕ್ಯೂಮ್ ಪೈಪಲ್ಲಿ ಪೆಟ್ರೋಲ್ ಬರ್ತಿದೆಯಾ, ಅಂತ ಹುಡುಕ್ಬೇಕಿತ್ತು.

ಸೆನ್ಸರ್ ಯಾಕೆ ಸುಳ್ಳು ಹೇಳ್ತದೆ? ಸತ್ತಿರಬಹುದು. ತಣ್ಣಗಿರಬಹುದು, 300 ಡಿಗ್ರಿ ಹತ್ರ ಬರೋವರೆಗೂ ಅದಕ್ಕೆ ಜೀವ ಇಲ್ಲ. ಇಲ್ಲಾ ಅದಕ್ಕಿಂತ ಮುಂಚೆ ಎಕ್ಸಾಸ್ಟಲ್ಲಿ ಎಲ್ಲೋ ಸಂದಿ ಇದ್ದು ಹೊರಗಿನ ಗಾಳಿ ಒಳಗೆ ಎಳ್ಕೊಳ್ತಿರಬಹುದು. ಹೊಗೆ ಬಡಿತ ಬಡಿತವಾಗಿ ಹೋಗ್ತದಲ್ಲ, ಎರಡು ಬಡಿತದ ನಡುವೆ ಪೈಪ್ ಹೊರಗಿನ ಗಾಳಿ ಹೀರ್ತದೆ. ಆ ಗಾಳಿಯ ಆಮ್ಲಜನಕ ನೋಡಿ ಸೆನ್ಸರ್ "ಲೀನ್ ಲೀನ್" ಅಂತ ಕೂಗ್ತದೆ.

700 ಓಂ ಅಂದ್ರೆ ನೀರು 55 ಡಿಗ್ರಿ ಆಸುಪಾಸು. ಅಕ್ಕ ಗೆದ್ರು. ಥರ್ಮೋಸ್ಟಾಟ್ ಇಲ್ಲ.

ಕುಂದಾದ್ರಿ_ಕೆಳಗೆ:
😎

ಹೆಡರ್ ಹಾಕಿದಾಗ ಸೆನ್ಸರ್ ಎಲ್ಲಿ ಕೂರಿಸಿದಾರೆ ನೋಡಿ. ಒಂದೇ ವೈರ್ ಇರೋ ಸೆನ್ಸರ್ ಆದ್ರೆ ಅದಕ್ಕೆ ಒಳಗೆ ಹೀಟರ್ ಇಲ್ಲ, ಹೊಗೆಯ ಬಿಸಿಯಲ್ಲೇ ಕಾಯ್ಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಾಯಲ್ಲಿ ಇದ್ದಿದ್ದನ್ನ ಎರಡಡಿ ಕೆಳಗೆ ತಳ್ಳಿದ್ರೆ ಸ್ಲೋ ಸ್ಪೀಡಲ್ಲಿ ಆರಿ ಹೋಗುತ್ತೆ.

ಭದ್ರಾವತಿ_ಉಕ್ಕು:
ಸಂದಿ ಹುಡುಕೋಕೆ ಒಂದು ಉಪಾಯ. ಇಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ಬಾಯಿಗೆ ಬ್ಲೋವರ್ ಇಟ್ಟು ಬಟ್ಟೆ ಸುತ್ತಿ ಗಾಳಿ ತುಂಬಿಸಿ. ಹೆಡರ್ ಕಡೆ ಸೋಪಿನ ನೀರು ಬಳೀರಿ. ಎಲ್ಲಿ ಗುಳ್ಳೆ ಬರುತ್ತೋ ಅಲ್ಲಿ ಸಂದಿ. ಹೊಸನಗರದವರ ಇಲಿ ಹತ್ರ ಸೋಪು ಉಳಿದಿದ್ರೆ ಕೇಳಿ.

ಹೊಸನಗರ_ಹಾದಿ:
😂😂 ಖಾಲಿ.

ಮಂಡಗದ್ದೆ_ಜಿಪ್ಸಿ:
ಥರ್ಮೋಸ್ಟಾಟ್ ಡಬ್ಬಿ ಬಿಚ್ಚಿದೆ. ಒಳಗೆ ಏನೂ ಇಲ್ಲ. ಬಟಾಬಯಲು! ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್‌ಗೆ ಹೋಗಿ ಹೊಸ ವಾಲ್, ಗ್ಯಾಸ್ಕೆಟ್, ಕೂಲೆಂಟ್ ತಂದೆ. ಹಾಕೋ ಮುಂಚೆ ಪಾತ್ರೆಯಲ್ಲಿ ನೀರು ಕಾಯಿಸಿ ತೆರೆಯುತ್ತಾ ಅಂತ ನೋಡಿದೆ, ತೆರೀತು. (ಯಾವ ಪಾತ್ರೆ ಅಂತ ಮನೆಯವಳಿಗೆ ಹೇಳಿಲ್ಲ.)

ಅದೊಂದೇ ಬದಲಾವಣೆ ಮಾಡಿ ಒಂದು ಟ್ಯಾಂಕ್ ಓಡ್ಸಿದೆ. ಮೀಟರಲ್ಲಿ 236, ಟಯರ್ ಲೆಕ್ಕ ಸೇರಿಸಿ 259. ಹಿಡಿದಿದ್ದು 31.5 ಲೀಟರ್. 8.2!

ತುಂಗಾ_ತೀರ:
ಮಳೆ ಕಮ್ಮಿ ಆಗಿತ್ತಲ್ಲ ಆ ವಾರ, ಅದಕ್ಕೂ ಇರ್ಬಹುದು.

ಕುಂದಾದ್ರಿ_ಕೆಳಗೆ:
ನಿಮಗೆ ಎಥನಾಲ್ ಬಿಟ್ರೆ ಮಳೆ. ವಾಲ್ ಒಂದು ಬಿಟ್ಟು ಎಲ್ಲಾ.

ತುಂಗಾ_ತೀರ:
ಒಪ್ಕೊಂಡೆ ಬಿಡಿ. ನನ್ನ ಗಾಡಿಯದ್ದೂ ಮುಳ್ಳು ಸಂಜೆ ನೋಡ್ತೀನಿ.

ಮಂಡಗದ್ದೆ_ಜಿಪ್ಸಿ:
ಮುಂದಿನ ಕಂತು. ಸೋಪಿನ ಪ್ರಯೋಗಕ್ಕೆ ಅಣ್ಣನ ಮಗ ಬ್ಲೋವರ್ ಹಿಡಿದ, ನಾನು ಬ್ರಶ್ ಹಿಡಿದೆ. ಮೂರನೇ ಸಿಲಿಂಡರ್ ಹತ್ರ, ಹೆಡರ್ ಹೆಡ್‌ಗೆ ಕೂರೋ ಜಾಗದಲ್ಲಿ, ಗುಳ್ಳೆ ಅಂದ್ರೆ ಗುಳ್ಳೆ. ಬಿಚ್ಚಿ ನೋಡಿದ್ರೆ ಹೆಡರ್ ಫ್ಲಾಂಜ್ ಸೊಟ್ಟ. ಸ್ಕೇಲ್ ಇಟ್ರೆ ಮಧ್ಯ ಬೆಳಕು ಕಾಣುತ್ತೆ. ಗ್ಯಾಸ್ಕೆಟ್ ಸುಟ್ಟು ಕರಕಲು. ಸೆನ್ಸರಿಗೆ ವೈರ್ ಒಂದೇ, ಕೂರಿಸಿದ್ದು ನಾಲ್ಕೂ ಪೈಪ್ ಸೇರಿ ಆದ್ಮೇಲೆ, ಡ್ರೈವರ್ ಕಾಲಿನ ಕೆಳಗೆ. ಅಕ್ಕ ಹೇಳಿದ ಎರಡಡಿಗಿಂತ ಜಾಸ್ತಿನೇ ಇದೆ.

ಕಂಪನಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಕ್ರೆ ವಾಪಸ್ ಹಾಕ್ಲಾ, ಹೆಡರನ್ನೇ ಸರಿ ಮಾಡ್ಸ್ಲಾ?

ಭದ್ರಾವತಿ_ಉಕ್ಕು:
ಫ್ಲಾಂಜ್ ಲೇತಲ್ಲಿ ಆಗಲ್ಲ, ಸರ್ಫೇಸ್ ಗ್ರೈಂಡಿಂಗ್ ಮಾಡೋರ ಹತ್ರ ಕೊಡಿ. ತೆಳುವಾಗಿ ಒಂದು ಪದರ ತೆಗೆದ್ರೆ ಸಾಕು. ಬೋಲ್ಟ್ ಮಧ್ಯದಿಂದ ಹೊರಗೆ ಬಿಗಿ ಮಾಡ್ತಾ ಬನ್ನಿ, ಎರಡು ದಿನ ಓಡ್ಸಿ ತಣ್ಣಗಾದ್ಮೇಲೆ ಮತ್ತೊಮ್ಮೆ. ಸೆನ್ಸರಿಗೆ ಮೇಲೆ, ಪೈಪ್ ಸೇರೋ ಜಾಗದ ಹತ್ತಿರಕ್ಕೆ, ಹೊಸ ಬುಶ್ ವೆಲ್ಡ್ ಮಾಡ್ಸಿ. ಮಸಿ ಕುಡಿದ ಸೆನ್ಸರ್ ಇಷ್ಟು ದಿನ ಬದುಕಿರೋದು ಕಷ್ಟ, ಹೊಸದು ಹಾಕೋದು ವಾಸಿ.

ಎಸ್ಟೀಮ್_ಪ್ರೇಮಿ:
ಕಂಪನಿ ಮ್ಯಾನಿಫೋಲ್ಡ್‌ಗೇ ನನ್ನ ಓಟು. 80 ಕುದುರೆ ಗಾಡಿಗೆ ಹೆಡರ್ ಹಾಕಿ ಎಷ್ಟು ಕುದುರೆ ಬಂತು ಅಂತ ಅಳೆದೋರು ಯಾರೂ ಇಲ್ಲ. ಶಬ್ದ ಮಾತ್ರ ಬರುತ್ತೆ.

ಉಂಬಳ_ಕಚ್ಚಿತು:
ಶಬ್ದಕ್ಕೇ ಅಲ್ವಾ ಹಾಕೋದು? ಸಕ್ರೆಬೈಲಿನ ಆನೆಗಳಿಗೂ ಗೊತ್ತಾಗ್ಬೇಕು ಯಾರು ಬಂದ್ರು ಅಂತ.

ಮಂಡಗದ್ದೆ_ಜಿಪ್ಸಿ:
ಹೆಡರ್ ಉಳಿಸ್ಕೊಂಡೆ, ಗ್ರೈಂಡ್ ಮಾಡ್ಸಿದೆ, ಹೊಸ ಗ್ಯಾಸ್ಕೆಟ್, ಹೊಸ ಸೆನ್ಸರ್, ಜಾಗ ಮೇಲೆ. ಇಂಜಿನ್ ಆಯಿಲ್ ಬದಲಾಯಿಸ್ದೆ, ಹಳೇದು ನೀರಿನ ಥರ ಸುರೀತು. ಈಗ ಮೀಟರ್ ಇಟ್ರೆ 0.2, 0.7, 0.3, 0.8, ಉಯ್ಯಾಲೆ ಆಡ್ತಿದೆ. ನೋಡ್ತಾ ಹತ್ತು ನಿಮಿಷ ಕೂತಿದ್ದೆ.

ಮೀಟರಲ್ಲಿ 262, ಅಂದ್ರೆ 288. ಪೆಟ್ರೋಲ್ 30.6. ಒಟ್ಟು 9.4.

ಸ್ಲೋ ಸ್ಪೀಡಲ್ಲಿ ಇನ್ನೂ ಸ್ವಲ್ಪ ವಾಸನೆ ಇದೆ. ಅದೇನು?

ಮಲ್ಟಿಮೀಟರ್_ಮಾಣಿ:
ಕ್ಯಾಮ್. ವಾಲ್ವ್ ಹೆಚ್ಚು ಹೊತ್ತು ತೆರೆದಿರೋ ಕ್ಯಾಮ್ ಹಾಕಿದ್ರೆ ಸ್ಲೋ ಸ್ಪೀಡಲ್ಲಿ ವ್ಯಾಕ್ಯೂಮ್ ಬೀಳ್ತದೆ. ಮ್ಯಾಪ್ ಸೆನ್ಸರ್ ಅದನ್ನ ಲೋಡ್ ಅಂತ ತಪ್ಪು ತಿಳ್ಕೊಂಡು ಪೆಟ್ರೋಲ್ ಜಾಸ್ತಿ ಕೇಳ್ತದೆ. ಹೊಸ ಸೆನ್ಸರ್ ಸುಮಾರು ಮಟ್ಟಿಗೆ ಸರಿ ಮಾಡ್ತದೆ, ಪೂರ್ತಿ ಆಗಲ್ಲ. ಪೂರ್ತಿ ಬೇಕು ಅಂದ್ರೆ ಕಂಪನಿ ಕ್ಯಾಮ್ ವಾಪಸ್ ಹಾಕಿ, ಇಲ್ಲಾ ಟ್ಯೂನ್ ಮಾಡೋ ಇಸಿಯು ಹಾಕಿ. ಎರಡನೆಯದಕ್ಕೆ ಕೊಡೋ ದುಡ್ಡಲ್ಲಿ ಎಷ್ಟು ವರ್ಷ ಪೆಟ್ರೋಲ್ ಬರ್ತದೆ ಅಂತ ಲೆಕ್ಕ ಹಾಕ್ಕೊಳ್ಳಿ.

ಕಾಯ್ದೆ_ಕಾನೂನು:
ಎಮಿಷನ್ ಎಷ್ಟು ಬಂತು ಈಗ?

ಮಂಡಗದ್ದೆ_ಜಿಪ್ಸಿ:
0.9. ಅದೇ ಹುಡುಗ. "ಸ್ಟೌ ಸಿಮ್‌ಗೆ ಬಂದಿದೆ ಅಣ್ಣ" ಅಂದ.

ಕಾಯ್ದೆ_ಕಾನೂನು:
0.5 ಬೇಕು. ಅಟ್ಟ.

ಭದ್ರಾವತಿ_ಉಕ್ಕು:
ಕನ್ವರ್ಟರ್ ಹಾಕೋ ಮುಂಚೆ ಬೆಳಕಿಗೆ ಹಿಡಿದು ನೋಡಿ. ಜೇನುಗೂಡಿನ ತೂತು ತೆರೆದಿರ್ಬೇಕು, ಅಲ್ಲಾಡಿಸಿದ್ರೆ ಗಲಗಲ ಅನ್ಬಾರ್ದು. ರಿಚ್ ಓಡಿದ ಗಾಡಿಯಲ್ಲಿ ಇದ್ದಿದ್ದಾದ್ರೆ ಸುಡದ ಪೆಟ್ರೋಲ್ ಅದರೊಳಗೇ ಉರಿದು ಕರಗಿ ಹೋಗಿರುತ್ತೆ. ನಿಮ್ಮ ಅದೃಷ್ಟ, ಅದು ಅಟ್ಟದಲ್ಲಿತ್ತು.

ಮಂಡಗದ್ದೆ_ಜಿಪ್ಸಿ:
ಹತ್ತಿ ನೋಡಿದೆ. ಗಲಗಲ ಅನ್ನಲ್ಲ. ಆದ್ರೆ ಒಳಗೆ ಏನೋ ಮಿಸುಕಾಡ್ತಿದೆ.

ಹೊಸನಗರ_ಹಾದಿ:
ನಾನು ಹೇಳಿದ್ನಲ್ಲ.

ಚೋಕ್_ಎಳೆದವ:
ಸೋಪು ಇದೆಯಾ ನೋಡಿ.